ಮಗುವಿನ ಮಲದ ಕಲ್ಚರ್‌ನಲ್ಲಿ ‘ಇ. ಕೋಲಿ ಬೆಳೆದಿದೆ’ ಅಂತ ಬಂದರೆ ಭೇದಿಗೆ ಕಾರಣ ಸಿಕ್ಕಿತು ಅಂತಲೇ?

ಶುಶ್ರೂಷಾ_ಪಾಠ (ಪ್ರಶ್ನೆ)

ನಮಸ್ಕಾರ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಮಕ್ಕಳ ಭೇದಿಯ ಪಾಠ ಸಿದ್ಧ ಮಾಡುತ್ತಿದ್ದೇನೆ. ಪುಸ್ತಕದಲ್ಲಿ ಬ್ಯಾಕ್ಟೀರಿಯಾಗಳ ಹೆಸರೇನೋ ಸಾಲಾಗಿ ಸಿಗುತ್ತವೆ. ಕೈಗೆ ಬಂದ ವರದಿಯನ್ನು ಹೇಗೆ ಓದಬೇಕು, ಓದಿದ ಮೇಲೆ ಏನು ಮಾಡಬೇಕು ಅನ್ನುವುದು ಮಾತ್ರ ಎಲ್ಲೂ ಸರಿಯಾಗಿ ಸಿಗುತ್ತಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದೂವರೆ ವರ್ಷದ ಮಗು, 10 ಕೆ.ಜಿ. ತೂಕ, ಮೂರು ದಿನದಿಂದ ನೀರುನೀರಾದ ಭೇದಿ. ರಕ್ತ ಇಲ್ಲ, ಜ್ವರ ಅಷ್ಟಾಗಿ ಇಲ್ಲ. ಮೈಕ್ರೋಸ್ಕೋಪಿನಲ್ಲಿ ಕೀವುಕಣ 8–10. ಕಲ್ಚರ್‌ನಲ್ಲಿ (ಮಲದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ‘ಇ. ಕೋಲಿ ಬೆಳೆದಿದೆ’. ಅದರ ಕೆಳಗೆ ಹನ್ನೆರಡು ಆಂಟಿಬಯೋಟಿಕ್‌ಗಳ ಪಟ್ಟಿ, ಒಂದೊಂದರ ಮುಂದೆ ಸೆನ್ಸಿಟಿವ್ (ಔಷಧಕ್ಕೆ ಬಗ್ಗುತ್ತದೆ) ಅಥವಾ ರೆಸಿಸ್ಟೆಂಟ್ (ಬಗ್ಗುವುದಿಲ್ಲ).

ಇ. ಕೋಲಿ ಎಲ್ಲರ ಕರುಳಿನಲ್ಲೂ ಇರುವಾಗ ಈ ವರದಿಗೆ ಏನರ್ಥ? ರೋಗ ತರುವ ಇ. ಕೋಲಿಯನ್ನು ಲ್ಯಾಬಿನವರು ಬೇರೆ ಮಾಡಿ ಗುರುತಿಸುತ್ತಾರೆಯೇ? ಇಂಥ ಮಗುವಿಗೆ ಓಆರ್‌ಎಸ್ ನಿಖರವಾಗಿ ಎಷ್ಟು, ಹೇಗೆ? ಪಟ್ಟಿಯಲ್ಲಿ ಸೆನ್ಸಿಟಿವ್ ಅಂತ ಬಂದ ಔಷಧ ಶುರು ಮಾಡಬೇಕೇ? ಅಂಕಿಗಳ ಸಮೇತ ಹೇಳಿದರೆ ಪಾಠಕ್ಕೆ ಅನುಕೂಲ.


ಪೆಟ್ರಿ_ತಟ್ಟೆ

ಮೇಡಂ, ಆ ವರದಿಯಿಂದ ಮಗುವಿನ ಭೇದಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಆರೋಗ್ಯವಾಗಿ ಆಡಿಕೊಂಡಿರುವ ಯಾವ ಮಗುವಿನ ಮಲವನ್ನು ಮೆಕಾಂಕಿ ತಟ್ಟೆಗೆ (ಬ್ಯಾಕ್ಟೀರಿಯಾ ಬೆಳೆಸುವ ಒಂದು ಬಗೆಯ ತಟ್ಟೆ) ಎಳೆದು 37 ಡಿಗ್ರಿಯಲ್ಲಿ ಇಟ್ಟರೂ 18ರಿಂದ 24 ಗಂಟೆಯೊಳಗೆ ಗುಲಾಬಿ ಬಣ್ಣದ ಇ. ಕೋಲಿ ಕಾಲೊನಿಗಳು ತಟ್ಟೆ ತುಂಬ ಬರುತ್ತವೆ. ಥಿಯೋಡೋರ್ ಎಶರಿಕ್ 1885ರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ವಿವರಿಸಿದ್ದೇ ಶಿಶುಗಳ ಮಲದಿಂದ. ಅದು ಬೆಳೆಯದಿದ್ದರೆ ಅದೇ ಆಶ್ಚರ್ಯ. ಮಗು ಆಗಲೇ ಆಂಟಿಬಯೋಟಿಕ್ ತೆಗೆದುಕೊಂಡಿದೆಯೇ ಅಂತ ಕೇಳಬೇಕಾಗುತ್ತದೆ.

ಹೀಗಿರುವಾಗ ಕೆಳಗಿನ ಔಷಧದ ಪಟ್ಟಿಯನ್ನು ಕೊಡಲೇಬಾರದಿತ್ತು. ಅದು ಕರುಳಿನ ಕಾಯಂ ನಿವಾಸಿಯ ಮೇಲೆ ನಡೆಸಿದ ಪರೀಕ್ಷೆ. ನೋಡುವವರಿಗೆ ಅದು ಔಷಧದ ಚೀಟಿಯಂತೆ ಕಾಣುತ್ತದೆ, ಸೆನ್ಸಿಟಿವ್ ಅಂತ ಇದ್ದದ್ದನ್ನು ಬರೆದುಬಿಡುತ್ತಾರೆ. ಆಮೇಲೆ ಆ ಔಷಧದಿಂದಲೇ ಭೇದಿ ಇನ್ನೂ ನಾಲ್ಕು ದಿನ ಎಳೆಯುವುದುಂಟು. ಸರಿಯಾದ ವರದಿಯಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳ ಹೆಸರು ಹಿಡಿದು ‘ಸಾಲ್ಮೊನೆಲ್ಲಾ, ಶಿಗೆಲ್ಲಾ ಬೆಳೆದಿಲ್ಲ’ ಅಂತ ಇರಬೇಕು. ಯಾವುದನ್ನು ಹುಡುಕಿದೆವು, ಯಾವುದನ್ನು ಹುಡುಕಲಿಲ್ಲ ಅನ್ನುವುದೂ ಇರಬೇಕು.

ಈಗ ರೋಗ ತರುವ ಇ. ಕೋಲಿ. ಇವು ತಟ್ಟೆಯ ಮೇಲೆ ಉಳಿದ ಇ. ಕೋಲಿಯ ಹಾಗೆಯೇ ಕಾಣುತ್ತವೆ. ಬಣ್ಣ, ಆಕಾರ, ಜೀವರಾಸಾಯನಿಕ ಪರೀಕ್ಷೆ ಎಲ್ಲವೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಜೀನ್‌ಗಳಲ್ಲಿ. ಮಕ್ಕಳಲ್ಲಿ ಮುಖ್ಯವಾದದ್ದು ನಾಲ್ಕೈದು ಗುಂಪು.

ಇಟೆಕ್ (ETEC) ಅನ್ನುವ ಗುಂಪು ಸಣ್ಣ ಕರುಳಿಗೆ ಅಂಟಿಕೊಂಡು ಎರಡು ಬಗೆಯ ವಿಷ ಬಿಡುತ್ತದೆ. ಶಾಖಕ್ಕೆ ಕೆಡುವ ವಿಷ ಕಾಲರಾದ ವಿಷದ ಹತ್ತಿರದ ಸಂಬಂಧಿ. ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಂದೇಶದ ಅಣುವನ್ನು ಏರಿಸುತ್ತದೆ. ಶಾಖ ತಡೆಯುವ ಚಿಕ್ಕ ವಿಷ ಅಂಥದೇ ಇನ್ನೊಂದು ಅಣು ಸೈಕ್ಲಿಕ್ ಜಿಎಂಪಿಯನ್ನು ಏರಿಸುತ್ತದೆ. ಎರಡರಿಂದಲೂ ಕೊನೆಗೆ ಆಗುವುದು ಒಂದೇ: ಕ್ಲೋರೈಡ್ ಬಾಗಿಲು ತೆರೆದುಕೊಳ್ಳುತ್ತದೆ, ಉಪ್ಪು ಹೊರಗೆ, ಅದರ ಹಿಂದೆ ನೀರು. ಕರುಳಿನ ಗೋಡೆಗೆ ಗಾಯವಿಲ್ಲ, ಆದ್ದರಿಂದ ರಕ್ತ ಇಲ್ಲ, ಜ್ವರ ಕಡಿಮೆ, ಮಲ ಬರೀ ನೀರು. ನಿಮ್ಮ ಉದಾಹರಣೆಯ ಮಗುವಿಗೆ ಹೊಂದುವ ಚಿತ್ರ ಇದು. ಆದರೆ ರೋಟಾವೈರಸ್‌ಗೂ ಇದೇ ಚಿತ್ರ ಹೊಂದುತ್ತದೆ ಅನ್ನುವುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ.

ಇಪೆಕ್ (EPEC) ಹೆಚ್ಚಾಗಿ ಒಂದು ವರ್ಷದೊಳಗಿನ ಶಿಶುಗಳ ಕಾಯಿಲೆ. ಇದು ಜೀವಕೋಶಕ್ಕೆ ತನ್ನದೇ ಪ್ರೋಟೀನನ್ನು ಚುಚ್ಚಿ, ಅದೇ ಪ್ರೋಟೀನನ್ನು ಹಿಡಿದು ಅಂಟಿಕೊಳ್ಳುತ್ತದೆ. ಅಂಟಿದ ಜಾಗದಲ್ಲಿ ಪೋಷಕಾಂಶ ಹೀರುವ ಸೂಕ್ಷ್ಮ ಕುಚ್ಚುಗಳು ಅಳಿಸಿಹೋಗುತ್ತವೆ. ಇಯೀಕ್ (EAEC) ಗುಂಪು ಜೀವಕೋಶಗಳ ಮೇಲೆ ಇಟ್ಟಿಗೆ ಪೇರಿಸಿದ ಹಾಗೆ ಪದರಪದರವಾಗಿ ಕೂರುತ್ತದೆ. 14 ದಿನ ದಾಟಿದರೂ ನಿಲ್ಲದ ಭೇದಿಯಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ. ಇಯೆಕ್ (EIEC) ಗುಂಪು ಹೆಚ್ಚುಕಮ್ಮಿ ಶಿಗೆಲ್ಲಾನೇ. ಶಿಗಾ ವಿಷ ಬಿಡುವ ಇ. ಕೋಲಿಯ ವಿಷಯ ಬೇರೆ, ಅದನ್ನು ಮಕ್ಕಳ ವೈದ್ಯರು ಬರೆದರೆ ಒಳ್ಳೆಯದು.

ಮಾಮೂಲಿ ಕಲ್ಚರ್‌ನಲ್ಲಿ ಇವುಗಳಲ್ಲಿ ಸುಲಭವಾಗಿ ಸುಳಿವು ಕೊಡುವುದು ಶಿಗಾ ವಿಷ ಬಿಡುವ ಓ157 ಅನ್ನುವ ತಳಿ ಒಂದೇ. ಅದು ಸಾರ್ಬಿಟಾಲ್ ಸಕ್ಕರೆಯನ್ನು ಬೇಗ ಬಳಸುವುದಿಲ್ಲ. ಸಾರ್ಬಿಟಾಲ್ ಹಾಕಿದ ಮೆಕಾಂಕಿ ತಟ್ಟೆಯಲ್ಲಿ ಉಳಿದವು ಗುಲಾಬಿಯಾದರೆ ಇದು ಬಣ್ಣವಿಲ್ಲದೆ ನಿಲ್ಲುತ್ತದೆ. ಆದರೆ ಶಿಗಾ ವಿಷ ಬಿಡುವ ಬೇರೆ ತಳಿಗಳಲ್ಲಿ ಬಹಳಷ್ಟು ಸಾರ್ಬಿಟಾಲ್ ಬಳಸುತ್ತವೆ. ಹಾಗಾಗಿ ಈ ತಟ್ಟೆ ಒಂದನ್ನೇ ನಂಬಿದರೆ ಅವು ತಪ್ಪಿಸಿಕೊಳ್ಳುತ್ತವೆ. ಮಲದಲ್ಲಿ ವಿಷವನ್ನೇ ಹುಡುಕುವ ಪರೀಕ್ಷೆ ಅಥವಾ ಜೀನ್ ಹುಡುಕುವ ಪಿಸಿಆರ್ ಬೇಕು.

ಕಲ್ಚರ್ ನಿಜವಾಗಿ ಉಪಯೋಗಕ್ಕೆ ಬರುವುದು ಶಿಗೆಲ್ಲಾ, ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಕಾಲರಾ ಇವುಗಳಿಗೆ. ಎಕ್ಸ್‌ಎಲ್‌ಡಿ ತಟ್ಟೆಯಲ್ಲಿ ಸಾಲ್ಮೊನೆಲ್ಲಾ ಕೆಂಪು, ನಡುವೆ ಕಪ್ಪು ಚುಕ್ಕೆ. ಶಿಗೆಲ್ಲಾ ಬರೀ ಕೆಂಪು. ಕಾಲರಾದ ವಿಬ್ರಿಯೋ ಟಿಸಿಬಿಎಸ್ ತಟ್ಟೆಯಲ್ಲಿ ಹಳದಿ. ಕ್ಯಾಂಪಿಲೊಬ್ಯಾಕ್ಟರ್‌ಗೆ ಬೇರೆಯದೇ ತಟ್ಟೆ, 42 ಡಿಗ್ರಿ ಶಾಖ, ಶೇ. 5ರಷ್ಟು ಮಾತ್ರ ಆಮ್ಲಜನಕ, ಕನಿಷ್ಠ 48 ಗಂಟೆ ಬೇಕು. ಮಾಮೂಲಿ ಇನ್‌ಕ್ಯುಬೇಟರಿನಲ್ಲಿ ಅದು ಬೆಳೆಯುವುದೇ ಇಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಬಾಯಿಬಿಟ್ಟು ಕೇಳದಿದ್ದರೆ ಅದನ್ನು ಹುಡುಕುವುದಿಲ್ಲ.

ಮಾದರಿ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಶಿಗೆಲ್ಲಾ ತುಂಬ ನಾಜೂಕು. ಡಬ್ಬಿಯಲ್ಲಿ ಉಳಿದ ಬ್ಯಾಕ್ಟೀರಿಯಾಗಳು ಸಕ್ಕರೆ ಹುದುಗಿಸಿ ಆಮ್ಲ ಮಾಡುತ್ತವೆ, ಆ ಹುಳಿಯಲ್ಲಿ ಅದು ಬೇಗ ಸಾಯುತ್ತದೆ. ಆದ್ದರಿಂದ ಮಲ ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಆಗುವುದಿಲ್ಲ ಎಂದಾದರೆ ಮಾದರಿ ಕೆಡದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮಕ್ಕೆ ಹಾಕಿ ಫ್ರಿಜ್ಜಿನ ತಣ್ಣನೆಯಲ್ಲಿ ಇಟ್ಟು ಕಳಿಸಬೇಕು. ಲೋಳೆ ಅಥವಾ ರಕ್ತ ಇರುವ ಭಾಗವನ್ನೇ ಆರಿಸಿ ತೆಗೆಯಿರಿ, ಮೂತ್ರ ಬೆರೆಯಬಾರದು. ಡಯಾಪರ್ ಹಾಕಿದ ಮಗುವಾದರೆ ಒಳಗೆ ತೆಳು ಪ್ಲಾಸ್ಟಿಕ್ ಹಾಸಿ ಅದರ ಮೇಲಿಂದ ತೆಗೆಯಬೇಕು, ಇಲ್ಲದಿದ್ದರೆ ನೀರನ್ನೆಲ್ಲ ಡಯಾಪರ್ ಹೀರಿಕೊಳ್ಳುತ್ತದೆ. ಗುದದ ಸ್ವಾಬ್ ತೆಗೆದರೆ ಹತ್ತಿಯ ಮೇಲೆ ಮಲದ ಬಣ್ಣ ಕಣ್ಣಿಗೆ ಕಾಣಬೇಕು; ಬೆಳ್ಳಗಿರುವ ಸ್ವಾಬ್ ಕಳಿಸಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮೊದಲು, ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುಂಚೆಯೇ ಮಾದರಿ ತೆಗೆದಿರಬೇಕು.

ಪಿಸಿಆರ್ ಪ್ಯಾನೆಲ್ ಬಂದ ಮೇಲೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಒಂದೇ ಮಾದರಿಯಲ್ಲಿ ಮೂರು ನಾಲ್ಕು ಹೆಸರು ಬರುತ್ತವೆ. ಇಪೆಕ್, ಇಯೀಕ್ ಎರಡೂ ಭೇದಿಯೇ ಇಲ್ಲದ ಮಕ್ಕಳಲ್ಲೂ ಆಗಾಗ ಸಿಗುತ್ತವೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಪಾಸಿಟಿವ್ ಕೊಡುತ್ತದೆ. ‘ಶಿಗೆಲ್ಲಾ ಅಥವಾ ಇಯೆಕ್’ ಅಂತ ಜೋಡಿಯಾಗಿ ಬಂದರೆ ಗಾಬರಿ ಬೇಡ. ಎರಡರಲ್ಲೂ ಇರುವ ಒಂದೇ ಜೀನನ್ನು ಅದು ಹುಡುಕುತ್ತದೆ, ಬೇರೆ ಮಾಡಿ ಹೇಳಲು ಅದರ ಕೈಲಿ ಆಗದು. ಹಾಗಂತ ಪಿಸಿಆರ್ ವ್ಯರ್ಥ ಅಲ್ಲ. ಆಫ್ರಿಕಾ ಮತ್ತು ಏಷ್ಯಾದ ಏಳು ಕಡೆ ನಡೆದ ಜೆಮ್ಸ್ ಅಧ್ಯಯನದಲ್ಲಿ, 2013ರ ವರದಿಯ ಪ್ರಕಾರ, ಚಿಕ್ಕ ಮಕ್ಕಳ ತೀವ್ರ ಭೇದಿಗೆ ರೋಟಾವೈರಸ್, ಕ್ರಿಪ್ಟೋಸ್ಪೊರಿಡಿಯಂ (ಒಂದು ಪರಾವಲಂಬಿ), ಶಾಖ ತಡೆಯುವ ವಿಷದ ಇಟೆಕ್, ಶಿಗೆಲ್ಲಾ ಈ ನಾಲ್ಕು ಮುಂದಿದ್ದವು. ಅದೇ ಮಾದರಿಗಳನ್ನು ಪಿಸಿಆರ್‌ನಲ್ಲಿ ಮರುಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದಾಗ ಶಿಗೆಲ್ಲಾದ ಪಾಲು ಸುಮಾರು ಎರಡರಷ್ಟಾಯಿತು. ಅಷ್ಟೊಂದನ್ನು ಕಲ್ಚರ್ ತಪ್ಪಿಸಿತ್ತು.

ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ಭೇದಿ ತರಬಲ್ಲ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾ ಬಗ್ಗೆ ಒಂದೇ ಮಾತು: ಒಂದು ವರ್ಷದೊಳಗಿನ ಮಗುವಿಗೆ ಆ ಪರೀಕ್ಷೆ ಬೇಡ. ಆ ವಯಸ್ಸಿನಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಕರುಳಿನಲ್ಲಿ ವಾಸವಾಗಿರುತ್ತದೆ.


ಮಕ್ಕಳ_ವಾರ್ಡ್

ಪೆಟ್ರಿ_ತಟ್ಟೆಯವರು ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ನಿಮ್ಮ ಉದಾಹರಣೆಯ ಮಗುವಿಗೆ ಕಲ್ಚರ್ ಬೇಕಾಗಿಯೇ ಇರಲಿಲ್ಲ. ರಕ್ತವಿಲ್ಲದ, ನೀರಾದ, ಮೂರು ದಿನದ ಭೇದಿಗೆ ಯಾವ ಬ್ಯಾಕ್ಟೀರಿಯಾ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ; ಕಾಲರಾದ ಅನುಮಾನ ಇದ್ದರೆ ಮಾತ್ರ ಬೇರೆ ಮಾತು. ಮಗುವಿನ ಜೀವಕ್ಕೆ ಅಪಾಯ ಬರುವುದು ನೀರು, ಉಪ್ಪು ಹೋಗುವುದರಿಂದ. ಅದನ್ನು ಅಳೆಯುವುದನ್ನು ವಿದ್ಯಾರ್ಥಿಗಳಿಗೆ ಮೊದಲು ಕಲಿಸಿ, ಬ್ಯಾಕ್ಟೀರಿಯಾದ ಹೆಸರು ಆಮೇಲೆ.

ನೋಡಬೇಕಾದ್ದು ನಾಲ್ಕು: ಮಗುವಿನ ಎಚ್ಚರ, ಕಣ್ಣು, ಕುಡಿಯುವ ರೀತಿ, ಚರ್ಮ. ಚರ್ಮ ನೋಡಲು ಹೊಕ್ಕುಳಿಗೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದೆತ್ತಬೇಕು. ಮಡಿಕೆ ದೇಹದ ಉದ್ದಕ್ಕೆ ಇರಲಿ, ಅಡ್ಡಕ್ಕೆ ಬೇಡ, ಉಗುರು ತಾಗಿಸಬಾರದು. ಒಂದು ಸೆಕೆಂಡು ಹಿಡಿದು ಬಿಟ್ಟು ನೋಡಿ. ತಕ್ಷಣ ಮರಳಿದರೆ ಸರಿ. ಸ್ವಲ್ಪ ಹೊತ್ತು ಮಡಿಕೆ ಕಾಣುವಂತೆ ನಿಂತರೆ ‘ನಿಧಾನ’. ಎರಡು ಸೆಕೆಂಡ್ ದಾಟಿದರೆ ‘ಬಹಳ ನಿಧಾನ’. ಕಿರಿಕಿರಿ, ಗುಳಿಬಿದ್ದ ಕಣ್ಣು, ಆತುರಪಟ್ಟು ಕುಡಿಯುವುದು, ನಿಧಾನ ಚರ್ಮ — ಇವುಗಳಲ್ಲಿ ಎರಡು ಇದ್ದರೆ ‘ಸ್ವಲ್ಪ ನಿರ್ಜಲೀಕರಣ’. ಮಂಪರು ಅಥವಾ ಪ್ರಜ್ಞೆ ಇಲ್ಲದಿರುವುದು, ಗುಳಿಬಿದ್ದ ಕಣ್ಣು, ಕುಡಿಯಲಾಗದಿರುವುದು, ಬಹಳ ನಿಧಾನ ಚರ್ಮ — ಇವುಗಳಲ್ಲಿ ಎರಡು ಇದ್ದರೆ ‘ತೀವ್ರ’. ತೀರಾ ಸೊರಗಿದ ಮಗುವಿನಲ್ಲಿ ಚರ್ಮದ ಪರೀಕ್ಷೆ ದಾರಿ ತಪ್ಪಿಸುತ್ತದೆ, ನೀರು ಸರಿಯಿದ್ದರೂ ಚರ್ಮ ನಿಧಾನವಾಗಿಯೇ ಮರಳುತ್ತದೆ. ಅಂಥ ಮಕ್ಕಳಿಗೆ ಓಆರ್‌ಎಸ್ ಬಗೆಯೂ ಬೇರೆ, ವೇಗವೂ ಬೇರೆ. ಡ್ರಿಪ್‌ನಲ್ಲಿ ಜೋರಾಗಿ ನೀರು ಬಿಟ್ಟರೆ ಹೃದಯ ತಡೆಯುವುದಿಲ್ಲ.

ಈಗ ಲೆಕ್ಕ. ನಿರ್ಜಲೀಕರಣದ ಲಕ್ಷಣ ಇಲ್ಲದಿದ್ದರೆ ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಓಆರ್‌ಎಸ್. ‘ಸ್ವಲ್ಪ’ ಇದ್ದರೆ ಕೆ.ಜಿ.ಗೆ 75 ಮಿ.ಲೀ. ನಾಲ್ಕು ಗಂಟೆಯಲ್ಲಿ. ನಿಮ್ಮ 10 ಕೆ.ಜಿ. ಮಗುವಿಗೆ 750 ಮಿ.ಲೀ. ಕೇಳಿದರೆ ತಾಯಂದಿರು ಹೆದರುತ್ತಾರೆ. 5 ಮಿ.ಲೀ. ಚಮಚದ ಲೆಕ್ಕದಲ್ಲಿ ಅದು 150 ಚಮಚ. 240 ನಿಮಿಷಕ್ಕೆ ಹಂಚಿದರೆ ಸುಮಾರು ಒಂದೂವರೆ ನಿಮಿಷಕ್ಕೆ ಒಂದು ಚಮಚ. ಹೀಗೆ ಹೇಳಿ, ಗಡಿಯಾರ ಎದುರಿಗಿಟ್ಟು ತೋರಿಸಿ, ಆಗ ಕೆಲಸ ಆಗುತ್ತದೆ. ವಾಂತಿ ಆದರೆ ನಿಲ್ಲಿಸಿಬಿಡಬಾರದು. 10 ನಿಮಿಷ ಕಾದು ಮತ್ತೆ ಶುರು ಮಾಡಿ, ಎರಡು ಮೂರು ನಿಮಿಷಕ್ಕೆ ಒಂದು ಚಮಚ. ವಾಂತಿಗೆ ದೊಡ್ಡ ಕಾರಣ ಲೋಟದಿಂದ ಗಟಗಟನೆ ಕುಡಿಸುವುದು. ನಾಲ್ಕು ಗಂಟೆ ಕಳೆದ ಮೇಲೆ ಮತ್ತೆ ಆ ನಾಲ್ಕನ್ನೂ ನೋಡಿ ವರ್ಗ ಬದಲಾಯಿಸಬೇಕು. ರೆಪ್ಪೆ ಊದಿಕೊಂಡರೆ ಓಆರ್‌ಎಸ್ ನಿಲ್ಲಿಸಿ, ಎದೆಹಾಲು ಮತ್ತು ಬರೀ ನೀರು ಕೊಡಿ.

‘ತೀವ್ರ’ ಆದರೆ ಮನೆಯ ಕೆಲಸ ಅಲ್ಲ. ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರವ ಕೆ.ಜಿ.ಗೆ 100 ಮಿ.ಲೀ. ರಕ್ತನಾಳಕ್ಕೆ: ಒಂದು ವರ್ಷ ದಾಟಿದ ಮಗುವಿಗೆ ಮೊದಲ 30 ಮಿ.ಲೀ. ಅರ್ಧ ಗಂಟೆಯಲ್ಲಿ, ಉಳಿದ 70 ಎರಡೂವರೆ ಗಂಟೆಯಲ್ಲಿ. ಒಂದು ವರ್ಷದೊಳಗಾದರೆ ಅದೇ ಪ್ರಮಾಣ ಒಂದು ಗಂಟೆ ಮತ್ತು ಐದು ಗಂಟೆಯಲ್ಲಿ. ನಾಳ ಸಿಗದಿದ್ದರೆ ಮೂಗಿನ ಕೊಳವೆಯಿಂದ ಓಆರ್‌ಎಸ್, ಕೆ.ಜಿ.ಗೆ ಗಂಟೆಗೆ 20 ಮಿ.ಲೀ., ಆರು ಗಂಟೆ.

ಓಆರ್‌ಎಸ್ ಯಾಕೆ ಕೆಲಸ ಮಾಡುತ್ತದೆ ಅನ್ನುವುದನ್ನೂ ಪಾಠದಲ್ಲಿ ಸೇರಿಸಿ, ಆಗ ಕಲಸುವಾಗಿನ ತಪ್ಪುಗಳು ತಾವೇ ಅರ್ಥವಾಗುತ್ತವೆ. ಇಟೆಕ್ ಅಥವಾ ಕಾಲರಾದ ವಿಷ ಕ್ಲೋರೈಡ್ ಬಾಗಿಲನ್ನು ತೆರೆದಿಟ್ಟರೂ, ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವ ಇನ್ನೊಂದು ದಾರಿ ಕೆಡುವುದಿಲ್ಲ. ಅವುಗಳ ಜೊತೆ ನೀರೂ ಒಳಗೆ ಹೋಗುತ್ತದೆ. ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಅಂದರೆ ಸಮಸಮ. ಒಟ್ಟು ಸಾಂದ್ರತೆ ಲೀಟರಿಗೆ 245 ಮಿಲಿಆಸ್ಮೋಲ್. ಹಳೆಯ ಸೂತ್ರದಲ್ಲಿ ಅದು 311 ಇತ್ತು. ಇಳಿಸಿದ ಮೇಲೆ ವಾಂತಿ, ಮಲದ ಪ್ರಮಾಣ, ಡ್ರಿಪ್ಪಿನ ಅಗತ್ಯ ಮೂರೂ ಕಡಿಮೆಯಾದವು.

ಪೊಟ್ಟಣವನ್ನು ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ರಕ್ತದ ಸೋಡಿಯಂ ಏರುತ್ತದೆ, ಮಗುವಿಗೆ ಫಿಟ್ಸ್ ಬರಬಹುದು. ರುಚಿಗೆ ಅಂತ ಸಕ್ಕರೆ ಸೇರಿಸಿದರೆ, ಅಥವಾ ಹಣ್ಣಿನ ರಸ, ಸೋಡಾ ಕೊಟ್ಟರೆ, ಆ ಸಕ್ಕರೆ ಕರುಳಿನೊಳಕ್ಕೆ ಇನ್ನಷ್ಟು ನೀರೆಳೆದು ಭೇದಿ ಹೆಚ್ಚುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರು, ಇಡೀ ಪೊಟ್ಟಣ ಒಂದೇ ಸಲಕ್ಕೆ, ಕಲಸಿದ ಮೇಲೆ ಕುದಿಸಬಾರದು, 24 ಗಂಟೆ ಆದ ಮೇಲೆ ಚೆಲ್ಲಬೇಕು. ಪೊಟ್ಟಣ ಸಿಗುವ ತನಕ ಮಾತ್ರ ಒಂದು ಲೀಟರ್ ನೀರಿಗೆ ತಲೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ತಲೆ ಸಮ ಮಾಡಿದ ಅರ್ಧ ಟೀ ಚಮಚ ಉಪ್ಪು. ಅದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಓಆರ್‌ಎಸ್ ಕೊಟ್ಟರೂ ಭೇದಿ ತಕ್ಷಣ ನಿಲ್ಲುವುದಿಲ್ಲ. ಇದನ್ನು ಹೇಳದಿದ್ದರೆ ಮರುದಿನವೇ ‘ಇದರಿಂದ ಏನೂ ಆಗಲಿಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಸತು (ಜಿಂಕ್) ಮರೆಯಬೇಡಿ. ಆರು ತಿಂಗಳೊಳಗೆ ದಿನಕ್ಕೆ 10 ಮಿ.ಗ್ರಾಂ., ಆಮೇಲೆ 20 ಮಿ.ಗ್ರಾಂ., 10ರಿಂದ 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ ಪೂರ್ತಿ ಕೊಡಬೇಕು. ಎದೆಹಾಲು ನಿಲ್ಲಿಸಬಾರದು, ಮಾಮೂಲಿ ಊಟ ಮುಂದುವರಿಯಲಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಹೆಚ್ಚಿನ ಊಟ. ಪ್ರೋಬಯೋಟಿಕ್ ಪುಡಿಗಳ ಬಗ್ಗೆ ನನಗೆ ಉತ್ಸಾಹ ಇಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಖಾಲಿ ಪುಡಿಗಿಂತ ಅವು ಮೇಲಾಗಿ ಕಾಣಲಿಲ್ಲ. ಭೇದಿ ಕಟ್ಟುವ ಲೋಪೆರಮೈಡ್ ಮಕ್ಕಳಿಗೆ ಬೇಡ. ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬುತ್ತದೆ, ವಿಷ ಒಳಗೇ ಉಳಿಯುತ್ತದೆ.


ಶುಶ್ರೂಷಾ_ಪಾಠ

ಇಬ್ಬರಿಗೂ ಧನ್ಯವಾದ. 150 ಚಮಚದ ಲೆಕ್ಕ ಹಾಗೇ ಪಾಠಕ್ಕೆ ಹೋಗುತ್ತದೆ. ಸರ್, ರಕ್ತ ಬಂದರೆ ಏನು ಮಾಡಬೇಕು ಅನ್ನುವುದನ್ನೂ ಬಿಡಿಸಿ ಹೇಳಿ. ಶಿಗೆಲ್ಲಾಗೆ ಆಂಟಿಬಯೋಟಿಕ್ ಬೇಕು, ಶಿಗಾ ವಿಷದ ಇ. ಕೋಲಿಗೆ ಬೇಡ ಅಂತಾರೆ. ಎರಡರಲ್ಲೂ ರಕ್ತ ಬರುತ್ತದೆ, ಕಲ್ಚರ್ ಬರುವುದು ಎರಡು ದಿನಕ್ಕೆ. ಅಲ್ಲಿಯವರೆಗೆ? ಮತ್ತೆ ರಕ್ತ ಕಂಡಕೂಡಲೇ ಅಮೀಬಾ ಔಷಧ ಕೊಡುವ ರೂಢಿ ಸರಿಯೇ?


ಮಕ್ಕಳ_ವಾರ್ಡ್

ಅಮೀಬಾದ್ದು ಮೊದಲು. ಐದು ವರ್ಷದೊಳಗಿನ ಮಕ್ಕಳ ರಕ್ತಭೇದಿಯಲ್ಲಿ ಶಿಗೆಲ್ಲಾಗೆ ಹೋಲಿಸಿದರೆ ಅಮೀಬಾ ತೀರಾ ಕಡಿಮೆ. ಕೆಂಪುರಕ್ತಕಣ ನುಂಗಿ ಓಡಾಡುತ್ತಿರುವ ಅಮೀಬಾ ತಾಜಾ ಮಲದಲ್ಲಿ ಕಂಡರೆ ಮಾತ್ರ ಅದನ್ನು ನಂಬಬೇಕು. ಉರಿಯೂತ ಇದ್ದಾಗ ಮಲದಲ್ಲಿ ಬರುವ ದೊಡ್ಡ ಬಿಳಿಕಣಗಳನ್ನೇ ಅಮೀಬಾ ಅಂತ ಬರೆದುಬಿಡುವುದು ಹಳೆಯ ತಪ್ಪು. ಶಿಗೆಲ್ಲಾದ ಔಷಧ ಎರಡು ಬದಲಾಯಿಸಿದರೂ ಬಗ್ಗದಿದ್ದಾಗ ಅಮೀಬಾ ಕಡೆ ತಿರುಗಬಹುದು.

ಶಿಗೆಲ್ಲಾದ ಮಗು ನೋಡಿದರೆ ಕಾಯಿಲೆ ಅಂತ ಗೊತ್ತಾಗುತ್ತದೆ. ಜೋರು ಜ್ವರ, ಹೊಟ್ಟೆ ಹಿಂಡಿ ಹಿಂಡಿ ತಿಣುಕುವುದು, ಪ್ರತಿ ಸಲ ಸ್ವಲ್ಪ ಸ್ವಲ್ಪ, ಅದರಲ್ಲಿ ಲೋಳೆ, ರಕ್ತ. ಕೆಲವು ಮಕ್ಕಳಿಗೆ ಭೇದಿಗಿಂತ ಮೊದಲೇ ಜ್ವರ, ಫಿಟ್ಸ್ ಬರುತ್ತವೆ. ಶಿಗಾ ವಿಷದ ಇ. ಕೋಲಿಯಲ್ಲಿ ಮೊದಲು ನೀರಾದ ಭೇದಿ, ಎರಡು ಮೂರು ದಿನಕ್ಕೆ ಪೂರ್ತಿ ರಕ್ತ, ಹೊಟ್ಟೆನೋವು ವಿಪರೀತ, ಆದರೆ ಜ್ವರ ಇಲ್ಲ ಅಥವಾ ಅಲ್ಪ. ಹಸಿ ಹಾಲು, ಸರಿಯಾಗಿ ಬೇಯದ ಕೊಚ್ಚಿದ ದನದ ಮಾಂಸ, ದನಗಳ ಒಡನಾಟ, ಇವನ್ನು ಕೇಳಿಯೇ ಕೇಳಬೇಕು. ನೂರಕ್ಕೆ ನೂರು ಬೇರ್ಪಡಿಸಲು ಇದರಿಂದ ಆಗದು; ಆದರೂ ಯಾವ ಕಡೆಗೆ ವಾಲಬೇಕು ಅನ್ನುವುದಕ್ಕೆ ಸಾಕು.

ಜ್ವರ, ತಿಣುಕುವುದು, ರಕ್ತ ಮೂರೂ ಇದ್ದರೆ ಕಲ್ಚರ್‌ಗೆ ಕಳಿಸಿ, ಕಾಯದೆ ಶುರು ಮಾಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸಿಪ್ರೊಫ್ಲಾಕ್ಸಾಸಿನ್, ಕೆ.ಜಿ.ಗೆ 15 ಮಿ.ಗ್ರಾಂ. ದಿನಕ್ಕೆರಡು ಸಲ, ಮೂರು ದಿನ, 10 ಕೆ.ಜಿ.ಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಆದರೆ ಅದಕ್ಕೆ ಬಗ್ಗದ ಶಿಗೆಲ್ಲಾ ಬಹಳ ಕಡೆ ಹರಡಿದೆ. ಹಾಗಾಗಿ ಅಜಿತ್ರೊಮೈಸಿನ್ ಅಥವಾ ಸೆಫ್‌ಟ್ರಯಾಕ್ಸೋನ್ ಆರಿಸಬೇಕೇ ಅನ್ನುವುದು ಆಯಾ ಜಾಗದ ಸೆನ್ಸಿಟಿವಿಟಿ ನೋಡಿ ವೈದ್ಯರು ತೀರ್ಮಾನಿಸುವ ವಿಷಯ. ಎರಡು ದಿನಕ್ಕೆ ಜ್ವರ ಇಳಿಯದೆ, ರಕ್ತ ಕಡಿಮೆಯಾಗದೆ ಇದ್ದರೆ ಅದೇ ಔಷಧ ಎಳೆಯುವುದರಲ್ಲಿ ಅರ್ಥವಿಲ್ಲ, ಬದಲಾಯಿಸಬೇಕು.

ಜ್ವರವಿಲ್ಲದೆ ಬರೀ ರಕ್ತ, ವಿಪರೀತ ನೋವು ಅಂದರೆ ಕೈ ತಡೆದು ಶಿಗಾ ವಿಷದ ಪರೀಕ್ಷೆ ಬರುವ ತನಕ ಕಾಯುವುದು ಒಳ್ಳೆಯದು. ಕೆಲವು ಆಂಟಿಬಯೋಟಿಕ್‌ಗಳು ಈ ಬ್ಯಾಕ್ಟೀರಿಯಾದಲ್ಲಿ ಅಡಗಿರುವ ವೈರಸ್ಸನ್ನು ಎಬ್ಬಿಸುತ್ತವೆ; ಶಿಗಾ ವಿಷದ ಜೀನ್ ಇರುವುದು ಆ ವೈರಸ್ಸಿನಲ್ಲೇ. ವಿಷ ಹೆಚ್ಚಾಗಿ ರಕ್ತಕ್ಕೆ ಸೇರಿದರೆ ಮೂತ್ರಪಿಂಡದ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಕೆಂಪುಕಣ ಒಡೆಯುತ್ತವೆ, ಪ್ಲೇಟ್‌ಲೆಟ್ ಕುಸಿಯುತ್ತದೆ. ಇದೇ ಎಚ್‌ಯುಎಸ್.

ಇದರಲ್ಲಿ ಮೋಸ ಹೋಗುವುದು ಎಲ್ಲಿ ಅಂದರೆ, ಇದು ಹೆಚ್ಚಾಗಿ ಭೇದಿ ಶುರುವಾದ ಒಂದು ವಾರದ ಹೊತ್ತಿಗೆ, ರಕ್ತ ನಿಂತು ‘ಮಗು ಸುಧಾರಿಸಿತು’ ಅನ್ನುವಾಗ ಬರುತ್ತದೆ. ಮೂತ್ರ ಕಡಿಮೆಯಾಗುವುದು, ಮುಖ ಬಿಳಚಿಕೊಳ್ಳುವುದು, ಮುಖ ಊದುವುದು, ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಮಂಕು — ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ. ವಿಷ ಪಾಸಿಟಿವ್ ಬಂದ ಮಗುವಿಗೆ ಹಿಮೊಗ್ಲೋಬಿನ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಮೂರನ್ನೂ ದಿನ ಬಿಟ್ಟು ದಿನವಾದರೂ ನೋಡಬೇಕು. ಮೊದಲ ದಿನಗಳಲ್ಲಿ ದೇಹದಲ್ಲಿ ನೀರು ಸರಿಯಾಗಿ ಇದ್ದ ಮಕ್ಕಳಿಗೆ ಮೂತ್ರಪಿಂಡದ ಪೆಟ್ಟು ಕಡಿಮೆ, ಆದ್ದರಿಂದ ಇಲ್ಲೂ ನೀರಿನ ಲೆಕ್ಕವೇ ಮುಖ್ಯ.

ಸಾಲ್ಮೊನೆಲ್ಲಾ ಬಂದರೆ (ಟೈಫಾಯಿಡ್‌ನದ್ದಲ್ಲ, ಭೇದಿ ತರುವುದು) ಆರೋಗ್ಯವಂತ ದೊಡ್ಡ ಮಗುವಿಗೆ ಔಷಧ ಬೇಡ. ಕೊಟ್ಟರೆ ಭೇದಿ ಬೇಗ ನಿಲ್ಲುವುದೂ ಇಲ್ಲ, ಮಲದಲ್ಲಿ ಬ್ಯಾಕ್ಟೀರಿಯಾ ಹೋಗುವ ಅವಧಿ ಉದ್ದವಾಗುತ್ತದೆ. ಮೂರು ತಿಂಗಳೊಳಗಿನ ಶಿಶು, ರೋಗನಿರೋಧಕ ಶಕ್ತಿ ಕುಂದಿದ ಮಗು, ಸಿಕಲ್ ಸೆಲ್ ಇರುವ ಮಗು ಇದಕ್ಕೆ ಅಪವಾದ. ಅವರಲ್ಲಿ ಅದು ರಕ್ತಕ್ಕೆ, ಮೂಳೆಗೆ, ಮಿದುಳಿನ ಪೊರೆಗೆ ಹೋಗಬಲ್ಲದು. ಕ್ಯಾಂಪಿಲೊಬ್ಯಾಕ್ಟರ್ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಅಜಿತ್ರೊಮೈಸಿನ್ ಕೊಡುವುದಾದರೆ ಮೊದಲ ಮೂರು ದಿನದೊಳಗೆ ಕೊಟ್ಟರಷ್ಟೇ ಪ್ರಯೋಜನ.


ನೀರು_ನೈರ್ಮಲ್ಯ

ಹರಡುವಿಕೆ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ಸೇರಿಸುತ್ತಿದ್ದೇನೆ. ಶಿಗೆಲ್ಲಾ ತಗುಲಲು 10ರಿಂದ 100 ಬ್ಯಾಕ್ಟೀರಿಯಾ ಸಾಕು. ಇಟೆಕ್‌ಗೆ, ಕಾಲರಾಗೆ ಲಕ್ಷಗಟ್ಟಲೆ ಬೇಕು, ಅವು ಹೆಚ್ಚಾಗಿ ನೀರು, ಆಹಾರದಲ್ಲಿ ಬೆಳೆದು ಬರುತ್ತವೆ. ಶಿಗೆಲ್ಲಾ ನೇರವಾಗಿ ಕೈಯಿಂದ ಕೈಗೆ ಹೋಗುತ್ತದೆ. ಅದಕ್ಕೇ ಮನೆಯಲ್ಲಿ ಒಂದು ಮಗುವಿಗೆ ಬಂದರೆ ಇನ್ನೊಂದಕ್ಕೆ ತಪ್ಪಿಸುವುದು ಕಷ್ಟ. ಡಯಾಪರ್ ಬದಲಿಸಿದ ಕೈಯನ್ನು ಸಾಬೂನಿನಿಂದ 20 ಸೆಕೆಂಡ್, ಉಗುರಿನ ಕೆಳಗೂ ಸೇರಿಸಿ ತೊಳೆಯಬೇಕು, ಮಗುವಿನ ಕೈಯನ್ನೂ. ಡಯಾಪರ್ ಬದಲಿಸುವ ಜಾಗವನ್ನು ಮೊದಲು ಸಾಬೂನಿನಿಂದ ತೊಳೆದು, ಆಮೇಲೆ ಶೇ. 5ರ ಬ್ಲೀಚ್ ಒಂದು ಭಾಗಕ್ಕೆ 49 ಭಾಗ ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಹಾಗೇ ಬಿಡಿ. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಕೊಳೆಯೇ ಅದನ್ನು ಮುಗಿಸಿಬಿಡುತ್ತದೆ.

ಕುಡಿಯುವ ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ. ಸಮುದ್ರಮಟ್ಟದಿಂದ 2000 ಮೀಟರ್ ದಾಟಿದ ಜಾಗದಲ್ಲಿ ಮೂರು ನಿಮಿಷ. ಕ್ಲೋರಿನ್ ಹಾಕುವುದಾದರೆ ಕನಿಷ್ಠ 30 ನಿಮಿಷ ಕಳೆದ ಮೇಲೂ ಲೀಟರಿಗೆ 0.5 ಮಿ.ಗ್ರಾಂ. ಉಳಿದಿರಬೇಕು. ನೀರು ಬಗ್ಗಡವಾಗಿದ್ದರೆ ಮೊದಲು ಸೋಸಿ. ಈ ಬ್ಯಾಕ್ಟೀರಿಯಾಗಳೆಲ್ಲ ಕ್ಲೋರಿನ್‌ಗೆ ಸಾಯುತ್ತವೆ, ಕ್ರಿಪ್ಟೋಸ್ಪೊರಿಡಿಯಂ ಮಾತ್ರ ಸಾಯುವುದಿಲ್ಲ; ಅದಕ್ಕೆ ಕುದಿಸಲೇಬೇಕು. ಡಬ್ಬಿ ಹಾಲಿನ ಪುಡಿ ಸ್ಟೆರೈಲ್ ಅಲ್ಲ. ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಕಲಸಿ, ಆರಿಸಿ ಕುಡಿಸಿ. ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಿ.

ಭೇದಿ ನಿಂತ ಕೂಡಲೇ ಮಗುವನ್ನು ಶಿಶುವಿಹಾರಕ್ಕೆ ಕಳಿಸಬೇಡಿ, 48 ಗಂಟೆ ಆಗಲಿ. ಶಿಗೆಲ್ಲಾ, ಶಿಗಾ ವಿಷದ ಇ. ಕೋಲಿ ಖಚಿತವಾದ ಮಗು ವಾರಗಟ್ಟಲೆ ಬ್ಯಾಕ್ಟೀರಿಯಾ ಹೊರಹಾಕಬಹುದು. ಅವರಿಗೆ ಮಲದ ಪರೀಕ್ಷೆ ನೆಗೆಟಿವ್ ಬರುವ ತನಕ ತಡೆಯುವ ನಿಯಮ ಎಷ್ಟೋ ಕಡೆ ಇದೆ.


ಪೆಟ್ರಿ_ತಟ್ಟೆ

ಮೇಡಂ, ಪಾಠದಲ್ಲಿ ಲ್ಯಾಬ್ ಚೀಟಿ ತುಂಬುವುದನ್ನೂ ಸೇರಿಸಿ. ‘ಮಲ, ಕಲ್ಚರ್’ ಅಂತ ಎರಡೇ ಪದ ಬರೆದು ಕಳಿಸಿದರೆ ನಮಗೆ ಯಾವ ತಟ್ಟೆ ಹಾಕಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ವಯಸ್ಸು, ಎಷ್ಟನೇ ದಿನದ ಭೇದಿ, ರಕ್ತ ಇದೆಯೇ, ಜ್ವರ ಇದೆಯೇ, ಆಂಟಿಬಯೋಟಿಕ್ ಶುರುವಾಗಿದೆಯೇ, ಮಾದರಿ ತೆಗೆದ ಗಂಟೆ ಎಷ್ಟು, ಇಷ್ಟಿರಲಿ. ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿದ್ದರೆ ‘ಕಾಲರಾ ಅನುಮಾನ’ ಅಂತ ಬರೆಯಿರಿ, ಟಿಸಿಬಿಎಸ್ ಹಾಕುತ್ತೇವೆ. ಜ್ವರವಿಲ್ಲದ ರಕ್ತಭೇದಿಯಾದರೆ ‘ಶಿಗಾ ವಿಷ ನೋಡಿ’ ಅಂತ ಬರೆಯಿರಿ. ಕ್ಯಾಂಪಿಲೊಬ್ಯಾಕ್ಟರ್ ಬೇಕಿದ್ದರೆ ಹೆಸರು ಹಿಡಿದೇ ಬರೆಯಬೇಕು.

ನಿಮ್ಮ ಉದಾಹರಣೆಯ 8–10 ಕೀವುಕಣದ ಬಗ್ಗೆ ಹೇಳುವುದು ಉಳಿದಿತ್ತು. ದೊಡ್ಡ ಕರುಳಿನಲ್ಲಿ ಉರಿಯೂತ ಇದ್ದರೆ ಅವು ಗುಂಪುಗುಂಪಾಗಿ ಕಾಣುತ್ತವೆ. ಅಲ್ಲೊಂದು ಇಲ್ಲೊಂದು ಇದ್ದರೆ ಅದನ್ನು ನೋಡಿ ಆಂಟಿಬಯೋಟಿಕ್ ಶುರು ಮಾಡಬಾರದು. ಆ ಮಗುವಿಗೆ ಬೇಕಿರುವುದು ಓಆರ್‌ಎಸ್, ಸತು, ಊಟ. ಅದರ ವರದಿಯಲ್ಲಿ ‘ಇ. ಕೋಲಿ’ ಅನ್ನುವ ಸಾಲಿಗೆ ಗೀಟು ಹಾಕಿ ವಿದ್ಯಾರ್ಥಿಗಳಿಗೆ ತೋರಿಸಿ.